ಹಳೆಯ ಸೆಮಿ-ಡಿಸ್‌ಪ್ಲೇಸ್‌ಮೆಂಟ್ ಮೋಟಾರ್‌ಬೋಟ್ ಕೊಳ್ಳುವ ಮುನ್ನ: ಏನನ್ನು ಯಾವುದರ ಜೊತೆ ತೂಗಿ ನೋಡಬೇಕು?

ಹಳೆಯ ಕ್ಲಾಸಿಕ್ ಮೋಟಾರ್‌ಬೋಟ್ ಹುಡುಕಲು ಹೊರಟವರು ಮೊದಲು ನೋಡುವುದು ಫೋಟೊ. ಎತ್ತರದ ಮೂತಿ, ವಾರ್ನಿಶ್ ಹೊಳೆಯುವ ತೇಗದ ಕಂಬಿ, ವೀಲ್‌ಹೌಸಿನ ನೇರ ಕಿಟಕಿಗಳು. ನೋಡಿದ ಕೂಡಲೇ ಮನಸ್ಸು ಸೋತುಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಚೆಂದ ಇಲ್ಲದ ದೋಣಿಗೆ ಇಷ್ಟೊಂದು ದುಡ್ಡು ಸುರಿದು ಯಾರು ಸಾಕುತ್ತಾರೆ? ಆದರೆ ಮಾರುವವರಿಗೆ ಫೋನ್ ಮಾಡುವ ಮೊದಲು ಒಂದು ಪ್ರಶ್ನೆಗೆ ನಿಮ್ಮಲ್ಲೇ ಉತ್ತರ ಇರಬೇಕು: ದಿನವಿಡೀ ನೀವು ಯಾವ ವೇಗದಲ್ಲಿ ಹೋಗುವವರು? ಗರಿಷ್ಠ ವೇಗದ ಮಾತಲ್ಲ ಇದು. ಮೂರು ನಾಲ್ಕು ಗಂಟೆ ಒಂದೇ ಸಮನೆ, ಕಿವಿಗೂ ಜೇಬಿಗೂ ನೋವಾಗದಂತೆ ಹೋಗುವ ವೇಗ.

ಉತ್ತರ 7 ನಾಟ್ (ಗಂಟೆಗೆ 7 ನಾಟಿಕಲ್ ಮೈಲಿ, ಸುಮಾರು 13 ಕಿ.ಮೀ.) ಆದರೆ ನಿಮಗೆ ಬೇಕಾದ ದೋಣಿಯೇ ಬೇರೆ. 20 ನಾಟ್ ಆದರೂ ಬೇರೆ. ಇವೆರಡರ ನಡುವೆ, ಕೆಲವೊಮ್ಮೆ 8, ಕೆಲವೊಮ್ಮೆ 13 ಎಂದು ನಿಜವಾಗಿಯೂ ಅನ್ನಿಸಿದರೆ ಮುಂದೆ ಓದಿ, ಸೆಮಿ-ಡಿಸ್‌ಪ್ಲೇಸ್‌ಮೆಂಟ್ ದೋಣಿ ಅಂಥವರಿಗೇ.

ತಳದ ಆಕಾರವೇ ಮುಖ್ಯ

ಡಿಸ್‌ಪ್ಲೇಸ್‌ಮೆಂಟ್ ದೋಣಿ ನೀರನ್ನು ಪಕ್ಕಕ್ಕೆ ತಳ್ಳುತ್ತಾ ಸಾಗುತ್ತದೆ. ಅದರ ವೇಗಕ್ಕೆ ಒಂದು ಮಿತಿ ಇದೆ. ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಡಿ ಉದ್ದವೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬಂದ ಸಂಖ್ಯೆಯೇ ನಾಟ್ ಲೆಕ್ಕದಲ್ಲಿ ಆ ಮಿತಿ. 36 ಅಡಿಗೆ 8 ನಾಟ್, 25 ಅಡಿಗೆ 6.7. ಆ ವೇಗ ಮುಟ್ಟಿದಾಗ ದೋಣಿ ಎಬ್ಬಿಸುವ ಅಲೆ ದೋಣಿಯಷ್ಟೇ ಉದ್ದ ಇರುತ್ತದೆ. ಮೂತಿ ಒಂದು ಅಲೆಯ ತುದಿಯಲ್ಲಿ, ಹಿಂಬದಿ ಮುಂದಿನ ಅಲೆಯ ತುದಿಯಲ್ಲಿ. ಅದಕ್ಕಿಂತ ಜೋರಾಗಿ ಹೋಗಬೇಕೆಂದರೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಡಿಸ್‌ಪ್ಲೇಸ್‌ಮೆಂಟ್ ದೋಣಿಗೆ ಅದು ಆಗದ ಕೆಲಸ. ಎಷ್ಟೇ ದೊಡ್ಡ ಎಂಜಿನ್ ಹಾಕಿದರೂ ಹಿಂಬದಿ ಕುಸಿಯುತ್ತದೆ, ಹೊಗೆ ಜಾಸ್ತಿ ಆಗುತ್ತದೆ, ಅಷ್ಟೇ.

ಪ್ಲೇನಿಂಗ್ ದೋಣಿ ಆ ಅಲೆಯನ್ನು ದಾಟಿ ನೀರಿನ ಮೇಲೆ ಜಾರುತ್ತದೆ. ಅದಕ್ಕೆ ಹಗುರ ಮೈ ಬೇಕು, ಹಿಂಬದಿಯ ತಳ ಅಗಲವಾಗಿರಬೇಕು, ಶಕ್ತಿ ಧಾರಾಳವಾಗಿರಬೇಕು.

ಸೆಮಿ-ಡಿಸ್‌ಪ್ಲೇಸ್‌ಮೆಂಟ್ ಇವೆರಡರ ನಡುವಿನದು. ಮುಂದೆ ಆಳವಾದ, ಚೂಪಾದ ಒಡಲು. ಹಿಂದಕ್ಕೆ ಹೋದಂತೆ ತಳ ಚಪ್ಪಟೆಯಾಗುತ್ತಾ ಬರುತ್ತದೆ. ಬಹುಪಾಲು ದೋಣಿಗಳಲ್ಲಿ ಕೆಳಗೆ ಉದ್ದದ ಕೀಲ್ (ತಳದ ನಡುವೆ ಉದ್ದಕ್ಕೂ ಚಾಚಿಕೊಂಡ ದಿಂಡು) ಇರುತ್ತದೆ. ವೇಗ ಏರಿದಾಗ ನೀರು ತಳವನ್ನು ಸ್ವಲ್ಪ ಮೇಲೆತ್ತುತ್ತದೆ, ಪೂರ್ತಿ ಎತ್ತುವುದಿಲ್ಲ. ವರ್ಗಮೂಲವನ್ನು 1.34ರ ಬದಲು 2.5ರಿಂದ ಗುಣಿಸಿದರೆ ಈ ಬಗೆಯ ದೋಣಿ ಸಲೀಸಾಗಿ ಮುಟ್ಟಬಲ್ಲ ವೇಗ ಸಿಗುತ್ತದೆ. 36 ಅಡಿಗೆ 15 ನಾಟ್. ದೊಡ್ಡ ಎಂಜಿನ್ ಕೂರಿಸಿ ಅದಕ್ಕಿಂತ ಜೋರಾಗಿ ಓಡಿಸುವವರೂ ಇದ್ದಾರೆ. ಆದರೆ ಅಲ್ಲಿಂದ ಮೇಲೆ ಒಂದೊಂದು ನಾಟ್‌ಗೂ ಡೀಸೆಲ್ ಸುರಿಯಬೇಕು.

ನೋಟ ನೋಡಿ ಮೋಸ ಹೋಗುವುದು ಸುಲಭ. ಫೇರಿ ಹಂಟ್ಸ್‌ಮನ್ ಅಂಥ 1960ರ ದಶಕದ ಬ್ರಿಟಿಷ್ ದೋಣಿಗಳು ಪಕ್ಕಾ ಕ್ಲಾಸಿಕ್. ಆದರೆ ಅವುಗಳ ತಳ ಆಳವಾದ ವಿ ಆಕಾರದ್ದು, ಅವು ಪ್ಲೇನಿಂಗ್ ದೋಣಿಗಳು. ನಿಧಾನಕ್ಕೆ ಬಿಟ್ಟರೆ ಇಂಥ ತಳ ಅತ್ತಿತ್ತ ಓಲಾಡುತ್ತಾ ಹೋಗುತ್ತದೆ. ಇದಕ್ಕೆ ಉಲ್ಟಾ ಉದಾಹರಣೆ ಗ್ರ್ಯಾಂಡ್ ಬ್ಯಾಂಕ್ಸ್ 36. ಎಲ್ಲರೂ ಅದನ್ನು ಟ್ರಾಲರ್ (ಮೀನುಗಾರಿಕೆ ದೋಣಿಯಂತೆ ನಿಧಾನಕ್ಕೆ ಸಾಗುವ ದೋಣಿ) ಎಂದೇ ಕರೆಯುತ್ತಾರೆ, ತಳ ಮಾತ್ರ ಸೆಮಿ-ಡಿಸ್‌ಪ್ಲೇಸ್‌ಮೆಂಟ್. ಆದರೆ ಒಂದೇ ಒಂದು 120 ಎಚ್‌ಪಿ ಫೋರ್ಡ್ ಲೇಮನ್ ಎಂಜಿನ್ ಇರುವ ದೋಣಿ ಕೊಂಡರೆ ನಿಮಗೆ ಸಿಗುವುದು 7, ಹೆಚ್ಚೆಂದರೆ 8 ನಾಟ್. ಆ ತಳಕ್ಕಾಗಿ ದುಡ್ಡು ಕೊಟ್ಟಿರುತ್ತೀರಿ, ಅದನ್ನು ಬಳಸಿಕೊಳ್ಳುವ ಶಕ್ತಿ ಮಾತ್ರ ಇರುವುದಿಲ್ಲ. ಜಾಹೀರಾತಿನಲ್ಲಿ "ಸೆಮಿ-ಡಿಸ್‌ಪ್ಲೇಸ್‌ಮೆಂಟ್" ಎಂದು ಕಂಡರೆ ಪಕ್ಕದಲ್ಲೇ ಎಚ್‌ಪಿ ಎಷ್ಟು, ತೂಕ ಎಷ್ಟು ಎಂದು ಹುಡುಕಿ.

ಈ ನಡುವಿನ ವೇಗ ಯಾತಕ್ಕೆ?

ಶಾಂತ ನೀರಿನಲ್ಲಿ ಹೋಲಿಸಿದರೆ ಸೆಮಿ-ಡಿಸ್‌ಪ್ಲೇಸ್‌ಮೆಂಟ್ ದೋಣಿ ಎರಡೂ ಕಡೆ ಸೋಲುತ್ತದೆ. 7 ನಾಟ್‌ನಲ್ಲಿ ಒಳ್ಳೆಯ ಡಿಸ್‌ಪ್ಲೇಸ್‌ಮೆಂಟ್ ದೋಣಿ ಇದಕ್ಕಿಂತ ಕಡಿಮೆ ಡೀಸೆಲ್ ಕುಡಿಯುತ್ತದೆ. 18 ನಾಟ್‌ನಲ್ಲಿ ಪ್ಲೇನಿಂಗ್ ದೋಣಿ ಇದಕ್ಕಿಂತ ಸುಲಭವಾಗಿ ಓಡುತ್ತದೆ. ಇದರ ಕಸುಬು ಗೊತ್ತಾಗುವುದು ನೀರು ಕೆಟ್ಟಾಗ. ಅಲೆ ಎದ್ದ ದಿನ ಪ್ಲೇನಿಂಗ್ ದೋಣಿ ಧಡ್ ಧಡ್ ಎಂದು ಬಡಿಯಲು ಶುರು ಮಾಡುತ್ತದೆ. ಒಳಗಿನವರ ಬೆನ್ನುಮೂಳೆ ಉಳಿಯಬೇಕಾದರೆ ವೇಗ ಇಳಿಸಲೇಬೇಕು. ಇಳಿಸಿದರೆ ಪ್ಲೇನಿಂಗ್ ಬಿಟ್ಟುಹೋಗಿ ಒದ್ದಾಡುತ್ತದೆ. ಆಳವಾದ ಮೂತಿ, ಕೀಲ್, ಭಾರದ ಮೈ ಇರುವ ಸೆಮಿ-ಡಿಸ್‌ಪ್ಲೇಸ್‌ಮೆಂಟ್ ದೋಣಿ ಅದೇ ನೀರಿನಲ್ಲಿ 10–12 ನಾಟ್ ಹಿಡಿದು ಹೋಗಬಲ್ಲದು.

ಇಂಗ್ಲೆಂಡಿನ ಐಲ್ ಆಫ್ ವೈಟ್‌ನ ಬೆಂಬ್ರಿಜ್‌ನಲ್ಲಿ ಪೀಟರ್ ಥಾರ್ನಿಕ್ರಾಫ್ಟ್ ರೂಪಿಸಿದ ನೆಲ್ಸನ್ ದೋಣಿಗಳು ಪೈಲಟ್ ದೋಣಿಗಳಾಗಿ (ಬಂದರಿನಲ್ಲಿ ಹಡಗಿಗೆ ದಾರಿ ತೋರುವ ಪೈಲಟ್‌ರನ್ನು ಹಡಗಿಗೆ ಮುಟ್ಟಿಸುವ ದೋಣಿಗಳು) ಹೆಸರು ಮಾಡಿದ್ದು ಇದೇ ಕಾರಣಕ್ಕೆ. ಹಡಗಿನ ಪೈಲಟ್‌ಗೆ ಹವಾಮಾನ ನೋಡಿ ರಜೆ ಹಾಕಲು ಆಗುವುದಿಲ್ಲ. ಎಂಥ ದಿನವೂ ಹೋಗಬೇಕು, ಹಡಗಿನ ಪಕ್ಕದಲ್ಲಿ ನೆಟ್ಟಗೆ ನಿಲ್ಲಬೇಕು, ವಾಪಸ್ ಬರಬೇಕು. ಅಮೆರಿಕದ ಮೇನ್ ರಾಜ್ಯದ ಲಾಬ್‌ಸ್ಟರ್ ದೋಣಿಗಳೂ ಇಂಥದೇ ದುಡಿಮೆಯಿಂದ ಹುಟ್ಟಿದವು.

ಇನ್ನು ಖರ್ಚು. ಹಳೆಯ ಡೀಸೆಲ್ ಎಂಜಿನ್ ಒಂದು ಎಚ್‌ಪಿಯನ್ನು ಒಂದು ಗಂಟೆ ಕೊಡಲು ಹೆಚ್ಚುಕಡಿಮೆ 0.2 ಲೀಟರ್ ಕುಡಿಯುತ್ತದೆ. 36 ಅಡಿಯ, 10 ಟನ್ ತೂಕದ ಒಂದು ದೋಣಿ ಎಂದುಕೊಳ್ಳಿ. 7 ನಾಟ್‌ಗೆ ಅದಕ್ಕೆ 35 ಎಚ್‌ಪಿ ಸಾಕು ಎನ್ನೋಣ. ಗಂಟೆಗೆ 7 ಲೀಟರ್, ಅಂದರೆ ನಾಟಿಕಲ್ ಮೈಲಿಗೆ 1 ಲೀಟರ್. ಅದೇ ದೋಣಿಗೆ 13 ನಾಟ್ ಮುಟ್ಟಲು 250 ಎಚ್‌ಪಿ ಬೇಕೆನ್ನಿ. ಗಂಟೆಗೆ 50 ಲೀಟರ್, ಮೈಲಿಗೆ 3.8. ಟ್ಯಾಂಕಿನಲ್ಲಿ ಬಳಸಬಹುದಾದ 800 ಲೀಟರ್ ಇದ್ದರೆ ಮೊದಲನೆಯ ವೇಗದಲ್ಲಿ 800 ಮೈಲಿ, ಎರಡನೆಯದರಲ್ಲಿ 210 ಮೈಲಿ. ವೇಗ ದುಪ್ಪಟ್ಟೂ ಆಗಿಲ್ಲ, ಖರ್ಚು ನಾಲ್ಕು ಪಟ್ಟು ಹತ್ತಿರ ಬಂತು. ನೀವು ನೋಡುತ್ತಿರುವ ದೋಣಿಗೆ ಅಂಕಿ ಬೇರೆ ಬರಬಹುದು, ಏರುವ ರೀತಿ ಮಾತ್ರ ಇದೇ.

ಆದ್ದರಿಂದ ನನ್ನ ಲೆಕ್ಕ ಇಷ್ಟು. ಬಹುಪಾಲು ಹೊತ್ತು 7–8 ನಾಟ್‌ನಲ್ಲಿ ಆರಾಮಾಗಿ ಹೋಗಿ, ಸಂಜೆಯೊಳಗೆ ಸೇರಬೇಕಾದಾಗಲೋ ಹವಾಮಾನ ಹದಗೆಡುವ ಮೊದಲೋ 13ಕ್ಕೆ ಏರಿಸುವ ಮನಸ್ಸಿದ್ದವರಿಗೆ ಈ ದೋಣಿ ಹೇಳಿ ಮಾಡಿಸಿದ್ದು. ಯಾವತ್ತೂ ಥ್ರಾಟಲ್ ಮುಂದಕ್ಕೆ ತಳ್ಳದವರು ಸುಮ್ನೆ ದೊಡ್ಡ ಎಂಜಿನ್ ಸಾಕುತ್ತಿರುತ್ತಾರೆ.

ದುಂಡು ತಳವೋ, ಕೋನದ ತಳವೋ

ಸೆಮಿ-ಡಿಸ್‌ಪ್ಲೇಸ್‌ಮೆಂಟ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸ್ವಭಾವದ ದೋಣಿಗಳಿವೆ. ನೆಲ್ಸನ್ ಬಗೆಯವು ದುಂಡು ತಳದವು. ಗ್ರ್ಯಾಂಡ್ ಬ್ಯಾಂಕ್ಸ್ ಬಗೆಯವಕ್ಕೆ ತಳವೂ ಪಕ್ಕವೂ ಸೇರುವಲ್ಲಿ ಕೋನ ಇರುತ್ತದೆ, ಅದಕ್ಕೆ ಚೈನ್ (chine, ಸರಪಳಿಯಲ್ಲ) ಎನ್ನುತ್ತಾರೆ.

ದುಂಡು ತಳ ಎದುರು ಅಲೆಯನ್ನು ಮೆತ್ತಗೆ ಸೀಳುತ್ತದೆ, ನಿಧಾನದ ವೇಗದಲ್ಲಿ ಕಡಿಮೆ ಶಕ್ತಿ ಕೇಳುತ್ತದೆ. ಆದರೆ ಪಕ್ಕದಿಂದ ಅಲೆ ಬಂದರೆ ಚೆನ್ನಾಗಿ ವಾಲುತ್ತದೆ. ಲಂಗರು ಹಾಕಿ ನಿಂತಾಗಲಂತೂ ಹಾದುಹೋಗುವ ಪ್ರತಿ ದೋಣಿಗೂ ತೊಟ್ಟಿಲಾಡುತ್ತದೆ. ಕೋನದ ತಳ ಅಷ್ಟು ವಾಲುವುದಿಲ್ಲ, ವಾಲಿದರೆ ಥಟ್ ಎಂದು ಎಳೆದು ವಾಪಸ್ ಬರುತ್ತದೆ. ಈ ಗಡಸು ಓಲಾಟ ಕೆಲವರಿಗೆ ಹೆಚ್ಚು ಸುಸ್ತು ಮಾಡುತ್ತದೆ. ಯಾವುದು ನಿಮ್ಮ ಹೊಟ್ಟೆಗೆ ಒಗ್ಗುತ್ತದೆ ಎಂದು ಕಾಗದದ ಮೇಲೆ ತಿಳಿಯುವುದಿಲ್ಲ, ಎರಡನ್ನೂ ಹತ್ತಿ ನೋಡಬೇಕು. ದೋಣಿಯಲ್ಲೇ ರಾತ್ರಿ ಕಳೆಯುವವರಾದರೆ ನನ್ನ ಓಟು ಕೋನದ ತಳಕ್ಕೆ. ತೆರೆದ ಸಮುದ್ರದಲ್ಲಿ ಊರಿಂದೂರಿಗೆ ಹೋಗುವವರಾದರೆ ದುಂಡು ತಳಕ್ಕೆ.

ಹಿಂದಿನಿಂದ ಬರುವ ಅಲೆಯನ್ನು ಮರೆಯಬೇಡಿ. ಎದುರು ಅಲೆ ಹೆದರಿಸುತ್ತದೆ, ಹಿಂದಿನ ಅಲೆ ದೋಣಿಯನ್ನು ಅಡ್ಡ ತಿರುಗಿಸುತ್ತದೆ. ಉದ್ದದ ಕೀಲ್ ಮತ್ತು ದೊಡ್ಡ ಚುಕ್ಕಾಣಿ ಇದ್ದರೆ ಇಲ್ಲಿ ನಿಜವಾದ ಉಪಕಾರ. ದೋಣಿ ಮೇಲೆತ್ತಿದಾಗ ಚುಕ್ಕಾಣಿಯ ಅಗಲ ನೋಡಿ. ಅಂಗೈಯಗಲದ ಚುಕ್ಕಾಣಿ 7 ನಾಟ್‌ನಲ್ಲಿ ಏನೂ ಹಿಡಿಯುವುದಿಲ್ಲ.

ಒಂದು ಎಂಜಿನ್, ಎರಡು ಎಂಜಿನ್

ಈ ಜಗಳ ಮುಗಿಯುವಂಥದ್ದಲ್ಲ. ಎರಡು ಎಂಜಿನ್ ಬೇಕು ಎನ್ನುವವರ ಮೊದಲ ಮಾತು: ಒಂದು ಕೆಟ್ಟರೆ ಇನ್ನೊಂದಿದೆ. ನಿಜ. ಆದರೆ ಹಳೆಯ ದೋಣಿಗಳಲ್ಲಿ ಎಂಜಿನ್ ನಿಲ್ಲಲು ಸಾಮಾನ್ಯ ಕಾರಣ ಕೊಳಕು ಡೀಸೆಲ್. ಎರಡೂ ಎಂಜಿನ್ ಒಂದೇ ಟ್ಯಾಂಕಿನಿಂದ ಕುಡಿಯುತ್ತಿದ್ದರೆ ಎರಡೂ ಒಂದರ ಹಿಂದೆ ಒಂದು ನಿಲ್ಲುತ್ತವೆ. ಬೇರೆ ಬೇರೆ ಟ್ಯಾಂಕ್, ಬೇರೆ ಬೇರೆ ಫಿಲ್ಟರ್ ಇದ್ದರೆ ಮಾತ್ರ ಆ ವಾದಕ್ಕೆ ಬೆಲೆ.

ಒಂದೇ ಎಂಜಿನ್ ಇದ್ದರೆ ಪ್ರೊಪೆಲರ್ ಕೀಲ್‌ನ ಹಿಂದೆ, ನಡುವಿನಲ್ಲಿ ಇರುತ್ತದೆ. ತೇಲುವ ಮರದ ತುಂಡು, ಬಲೆ, ಮರಳುದಿಬ್ಬ, ಯಾವುದಕ್ಕೆ ತಾಗಿದರೂ ಮೊದಲು ಏಟು ತಿನ್ನುವುದು ಕೀಲ್. ಎರಡು ಎಂಜಿನ್ ದೋಣಿಗಳಲ್ಲಿ ಎರಡೂ ಪ್ರೊಪೆಲರ್ ಸಾಮಾನ್ಯವಾಗಿ ಪಕ್ಕದಲ್ಲಿ ಬಯಲಲ್ಲಿ ನೇತಾಡುತ್ತವೆ. ಜೆಟ್ಟಿಗೆ ತಂದು ನಿಲ್ಲಿಸುವಾಗ ಎರಡು ಎಂಜಿನ್ ಇದ್ದರೆ ಬಲು ಸುಲಭ, ಒಂದನ್ನು ಮುಂದಕ್ಕೆ ಒಂದನ್ನು ಹಿಂದಕ್ಕೆ ಹಾಕಿದರೆ ನಿಂತಲ್ಲೇ ತಿರುಗುತ್ತದೆ. ಒಂದೇ ಎಂಜಿನ್ ದೋಣಿಗೆ ಬೋ ಥ್ರಸ್ಟರ್ (ಮೂತಿಯನ್ನು ಪಕ್ಕಕ್ಕೆ ತಳ್ಳುವ ಸಣ್ಣ ಪ್ರೊಪೆಲರ್) ಕೂರಿಸಿದ್ದರೆ ಆ ಕೊರತೆ ಬಹಳಷ್ಟು ನೀಗುತ್ತದೆ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕೈ ಹಾಕಲು ಜಾಗ ಇದೆಯೋ ಇಲ್ಲವೋ ಎನ್ನುವುದು. 34–36 ಅಡಿ ದೋಣಿಯಲ್ಲಿ ಎರಡು ಆರು ಸಿಲಿಂಡರ್ ಎಂಜಿನ್ ಕೂರಿಸಿದರೆ ನಡುವೆ ಕುಕ್ಕರಗಾಲಲ್ಲಿ ಕೂರುವಷ್ಟು ಜಾಗ ಉಳಿಯುತ್ತದೆ. ಎಂಜಿನ್‌ನ ಆಚೆ ಬದಿಗೂ ದೋಣಿಯ ಪಕ್ಕಕ್ಕೂ ನಡುವೆ ಕೈ ತೂರಿಸುವುದೇ ಕಷ್ಟ. ಒಂದು ಎಂಜಿನ್‌ನ ಸ್ಟಾರ್ಟರ್ ಆ ಬದಿಗೆ, ಇನ್ನೊಂದರ ಆಯಿಲ್ ಫಿಲ್ಟರ್ ಆ ಬದಿಗೆ. ಹೋಗಿ ನೋಡಿದಾಗ ನೆಲದ ಮುಚ್ಚಳ ತೆಗೆಸಿ, ಕೆಳಗಿಳಿದು, ಪ್ರತಿ ಫಿಲ್ಟರ್, ಇಂಪೆಲರ್ (ತಣ್ಣೀರು ಪಂಪಿನ ರಬ್ಬರ್ ಚಕ್ರ) ಮುಚ್ಚಳ, ಜಿಂಕ್ ತುಂಡು (ಬೇರೆ ಲೋಹದ ಬದಲು ತಾನು ಸವೆಯಲೆಂದು ಇಟ್ಟದ್ದು), ಸೀಕಾಕ್‌ಗೆ (ನೀರು ಒಳಬರುವ ವಾಲ್ವ್) ಕೈ ಮುಟ್ಟಿಸಿ ನೋಡಿ. ನಿಮ್ಮ ಕೈ ತಲುಪದ ಕಡೆ ಹಿಂದಿನ ಯಜಮಾನರ ಕೈಯೂ ತಲುಪಿರಲಿಕ್ಕಿಲ್ಲ. ಅಲ್ಲಿ ತುಕ್ಕು ಇದ್ದೇ ಇರುತ್ತದೆ.

ಯಾವ ಎಂಜಿನ್?

ಈ ಹಳೆಯ ದೋಣಿಗಳ ಎಂಜಿನ್‌ಗಳಲ್ಲಿ ಎರಡು ಜಾತಿ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ದೊಡ್ಡ, ನಿಧಾನದ ಡೀಸೆಲ್‌ಗಳು: 380 ಘನ ಇಂಚಿನ ಫೋರ್ಡ್ ಲೇಮನ್ 120, 354 ಘನ ಇಂಚಿನ ಪರ್ಕಿನ್ಸ್ 6.354. ಇವು ಲಾರಿ, ಟ್ರ್ಯಾಕ್ಟರ್‌ಗಳಿಂದ ಬಂದ ಎಂಜಿನ್‌ಗಳು. ಒರಟು, ಸದ್ದು, ಆದರೆ ನೋಡಿಕೊಂಡರೆ ತಲೆಮಾರು ಬಾಳುತ್ತವೆ. ಎರಡನೆಯದು ಟರ್ಬೊ ಮತ್ತು ಆ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ಇರುವವು. ಕಮಿನ್ಸ್‌ನ 5.9 ಲೀಟರ್ ಎಂಜಿನ್ ಅದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಬ್ಲಾಕ್‌ನಿಂದ 210 ಎಚ್‌ಪಿಯೂ ತೆಗೆದಿದ್ದಾರೆ, 370 ಎಚ್‌ಪಿಯೂ ತೆಗೆದಿದ್ದಾರೆ. ಅಷ್ಟೇ ಕಬ್ಬಿಣದಿಂದ ಹೆಚ್ಚು ಶಕ್ತಿ ಹಿಂಡಿದಷ್ಟೂ ಆಯಸ್ಸು ಕಡಿಮೆ. ಕಡಿಮೆ ಎಚ್‌ಪಿಯದು ಸಿಕ್ಕರೆ ಬಿಡಬೇಡಿ.

ಟರ್ಬೊ ಎಂಜಿನ್‌ನಲ್ಲಿ ಕೇಳಬೇಕಾದ ಪ್ರಶ್ನೆ: ಆಫ್ಟರ್‌ಕೂಲರ್ ಬಿಚ್ಚಿ ತೊಳೆದಿದ್ದು ಯಾವಾಗ? ಅದರ ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಎಂಜಿನ್ ಉಸಿರಾಡುವ ಗಾಳಿ. ಒಳಗೆ ಸವೆದು ತೂತಾದರೆ ಉಪ್ಪುನೀರು ನೇರ ಸಿಲಿಂಡರ್‌ಗೆ. ಎಗ್ಸಾಸ್ಟ್ ಎಲ್ಬೊ (ಹೊಗೆ ಹೊರಹೋಗುವ ಬಾಗಿದ ಕೊಳವೆ) ಕೂಡ ಹಾಗೆಯೇ, ಹೊರಗೆ ಬಣ್ಣ ಹೊಸದು, ಒಳಗೆ ತುಕ್ಕು ತಿಂದಿರುತ್ತದೆ. ಲೇಮನ್ 120 ಇದ್ದರೆ ಇನ್ನೊಂದು ಕೇಳಿ. ಅದರ ಇಂಜೆಕ್ಷನ್ ಪಂಪ್‌ಗೆ ಎಂಜಿನ್‌ಗಿಂತ ಬೇರೆಯೇ ಆಯಿಲ್ ಇದೆ, 50 ಗಂಟೆಗೊಮ್ಮೆ ಬದಲಿಸಬೇಕು. "ಹೌದಾ, ಅದಕ್ಕೂ ಬೇರೆ ಆಯಿಲ್ ಇದೆಯಾ?" ಎಂದು ಮಾರುವವರು ಕೇಳಿದರೆ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಕ್ಕಂತೆಯೇ.

ಗಂಟೆ ಮೀಟರ್ ನೋಡಿ ಹಿಗ್ಗಬೇಡಿ. 40 ವರ್ಷದ ದೋಣಿಯಲ್ಲಿ 1,500 ಗಂಟೆ ಮಾತ್ರ ಎಂದರೆ ವರ್ಷಕ್ಕೆ 40 ಗಂಟೆಯೂ ಓಡಿಲ್ಲ. ನಿಂತು ನಿಂತು ಕೆಡುವುದು ಡೀಸೆಲ್ ಎಂಜಿನ್‌ಗೆ ಓಡಿ ಸವೆಯುವುದಕ್ಕಿಂತ ಕೆಟ್ಟದ್ದು. 4,000 ಗಂಟೆ ಓಡಿ, ಪ್ರತಿ ಸರ್ವಿಸ್ ಬರೆದಿಟ್ಟ ಪುಸ್ತಕ ಇರುವ ಎಂಜಿನ್ನೇ ವಾಸಿ.

ಮೈ: ಫೈಬರ್‌ಗ್ಲಾಸ್, ಮರ, ಲೋಹ

1960–70ರ ದಶಕದ ಫೈಬರ್‌ಗ್ಲಾಸ್ ದೋಣಿಗಳ ತಳ ಸಾಮಾನ್ಯವಾಗಿ ದಪ್ಪ, ಗಟ್ಟಿ. ಎಲ್ಲರೂ ಹೆದರುವುದು ಆಸ್ಮೋಸಿಸ್‌ಗೆ, ಅಂದರೆ ಫೈಬರ್‌ಗ್ಲಾಸ್ ಒಳಗೆ ನೀರು ಇಳಿಯುವುದಕ್ಕೆ. ತಳದಲ್ಲಿ ಗುಳ್ಳೆ ಏಳುತ್ತದೆ, ಒಡೆದರೆ ವಿನಿಗರ್‌ನಂಥ ಹುಳಿ ವಾಸನೆಯ ನೀರು. ನೋಡಲು ಭಯ, ಅದರಿಂದ ದೋಣಿ ಮುಳುಗುವುದು ಬಲು ಅಪರೂಪ. ಅಲ್ಲೊಂದು ಇಲ್ಲೊಂದು ಗುಳ್ಳೆ ಇದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ತಳದ ತುಂಬ ಇದ್ದರೆ ಪದರ ಕೆತ್ತಿ, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಹಚ್ಚಬೇಕು. ಅದು ದೊಡ್ಡ ಕೆಲಸ.

ನಾನು ಹೆಚ್ಚು ಹೆದರುವುದು ಡೆಕ್‌ಗೆ. ಡೆಕ್ ಸಾಮಾನ್ಯವಾಗಿ ಸ್ಯಾಂಡ್‌ವಿಚ್: ಮೇಲೆ ಕೆಳಗೆ ಫೈಬರ್‌ಗ್ಲಾಸ್, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ಅದರ ಮೇಲೆ ತೇಗದ ಪಟ್ಟಿಗಳನ್ನು ಸ್ಕ್ರೂ ಹೊಡೆದು ಕೂರಿಸಿರುತ್ತಾರೆ. ಸಾವಿರಾರು ಸ್ಕ್ರೂ ಎಂದರೆ ನೀರು ಇಳಿಯಲು ಸಾವಿರಾರು ತೂತು. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಹಿಡಿದು ಕಂಬಿಯ ಬುಡ, ಕಿಟಕಿ ಮೂಲೆ, ಲಂಗರು ಎತ್ತುವ ವಿಂಡ್ಲಾಸ್ ಸುತ್ತ ತಟ್ಟುತ್ತಾ ಹೋಗಿ. ಒಣಗಿದ ಕಡೆ ಟಕ್ ಟಕ್ ಎಂದು ಗಟ್ಟಿ ಸದ್ದು. ನೆನೆದು ಕೊಳೆತ ಕಡೆ ಸದ್ದು ಸತ್ತುಹೋಗಿ ದಬ್ ಎನ್ನುತ್ತದೆ. ತೇಗದ ಡೆಕ್ ಇರುವಲ್ಲಿ ಸದ್ದು ಅಷ್ಟು ಸ್ಪಷ್ಟ ಇರುವುದಿಲ್ಲ, ಹಾಗಾಗಿ ಕೆಳಗಿನಿಂದ, ಕ್ಯಾಬಿನ್ ಒಳಗಿನ ಕಪಾಟಿನ ಮೇಲ್ಮೂಲೆಗಳಲ್ಲಿ ಕಂದು ಕಲೆ ಹುಡುಕಿ. ಹೊಸ ಬಣ್ಣ ಬಳಿದ ಮೇಲ್ಮೂಲೆ ಕಂಡರೆ ಇನ್ನೂ ಹತ್ತಿರ ಹೋಗಿ ನೋಡಿ.

ಮರದ ದೋಣಿ ಬೇರೆಯೇ ಲೋಕ. ಗ್ರ್ಯಾಂಡ್ ಬ್ಯಾಂಕ್ಸ್ 1973ರಲ್ಲಿ ಫೈಬರ್‌ಗ್ಲಾಸ್‌ಗೆ ಬದಲಾಗುವವರೆಗೆ ಮರದವೇ. ಅವು ಇಂದು ಅದೇ ಮಾದರಿಯ ಫೈಬರ್‌ಗ್ಲಾಸ್ ದೋಣಿಗಿಂತ ಬಹಳ ಅಗ್ಗಕ್ಕೆ ಸಿಗುತ್ತವೆ, ಅದಕ್ಕೆ ಕಾರಣವೂ ಇದೆ. ಮರವನ್ನು ಕೊಳೆಸುವುದು ಸಮುದ್ರದ ನೀರಿಗಿಂತ ಹೆಚ್ಚಾಗಿ ಮೇಲಿನಿಂದ ಸೋರುವ ಮಳೆನೀರು. ಬೇಸಿಗೆಗೊಮ್ಮೆ ಉಳಿ, ಬಣ್ಣ ಹಿಡಿದು ಕೂರುವುದೇ ಖುಷಿ ಎನ್ನುವವರು ಮಾತ್ರ ಅತ್ತ ತಿರುಗಿ.

ಉಕ್ಕಿನ ದೋಣಿಗಳು ಭಾರ, ಆದ್ದರಿಂದ ಈ ವೇಗಕ್ಕೆ ಕಡಿಮೆ ಸಿಗುತ್ತವೆ. ಸಿಕ್ಕರೆ ಅಲ್ಟ್ರಾಸಾನಿಕ್ ಮೀಟರ್‌ನಿಂದ ತಗಡಿನ ದಪ್ಪ ಅಳೆಸಿ, ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಆದರೆ ತಳಕ್ಕೆ ತಾಮ್ರ ಬೆರೆತ ಬಣ್ಣ ಬಳಿದಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಿ.

ಟ್ಯಾಂಕ್ ಬಗ್ಗೆ ಪ್ರತ್ಯೇಕ ಮಾತು

ಈ ವಯಸ್ಸಿನ ದೋಣಿಗಳಲ್ಲಿ ಡೀಸೆಲ್ ಟ್ಯಾಂಕ್ ಹೆಚ್ಚಾಗಿ ಸಾದಾ ಉಕ್ಕಿನದು. ಡೆಕ್‌ನ ಡೀಸೆಲ್ ಮುಚ್ಚಳದ ಸುತ್ತ ನೀರು ಸೋರಿ ಟ್ಯಾಂಕಿನ ತಲೆಯ ಮೇಲೆ ನಿಲ್ಲುತ್ತದೆ, ಅಲ್ಲಿಂದ ತುಕ್ಕು ಶುರು. ಒಳಗಡೆ ತಳದಲ್ಲಿ ನೀರು ಸೇರಿದರೆ, ಡೀಸೆಲ್ ಮತ್ತು ನೀರು ಕೂಡುವ ಪದರದಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಟ್ಯಾಂಕ್ ಬದಲಿಸುವುದೇನೋ ಸರಿ, ಅದನ್ನು ಹೊರಗೆ ತೆಗೆಯುವುದು ಹೇಗೆ? ಎಷ್ಟೋ ದೋಣಿಗಳಲ್ಲಿ ಮೊದಲು ಟ್ಯಾಂಕ್ ಇಟ್ಟು, ಆಮೇಲೆ ಎಂಜಿನ್ ಇಟ್ಟು, ಅದರ ಮೇಲೆ ಡೆಕ್ ಮುಚ್ಚಿರುತ್ತಾರೆ. ಎಂಜಿನ್ ಎತ್ತಬೇಕು, ಇಲ್ಲವೇ ಟ್ಯಾಂಕನ್ನು ಅಲ್ಲೇ ತುಂಡು ತುಂಡಾಗಿ ಕತ್ತರಿಸಿ ತೆಗೆದು ಸಣ್ಣ ಟ್ಯಾಂಕ್‌ಗಳನ್ನು ತೂರಿಸಬೇಕು. ಎರಡು ದೋಣಿ ಸರಿಸಮ ಅನ್ನಿಸಿದರೆ, ಟ್ಯಾಂಕ್ ಬದಲಿಸಿರುವುದನ್ನೇ ಆರಿಸಿ. ಬಿಲ್ ತೋರಿಸಲು ಹೇಳಿ.

ನೀರಿನ ಕೆಳಗಿನ ವಾಲ್ವ್‌ಗಳನ್ನೂ ಇದರ ಜೊತೆಗೇ ನೋಡಿಬಿಡಿ. ಸಾದಾ ಹಿತ್ತಾಳೆಯದಾದರೆ ಉಪ್ಪುನೀರು ಅದರೊಳಗಿನ ಸತುವನ್ನು ತಿಂದುಹಾಕುತ್ತದೆ. ಚಾಕು ತುದಿಯಿಂದ ಗೀರಿದರೆ ಹಳದಿ ಹೊಳೆಯಬೇಕು. ಗುಲಾಬಿ ಬಣ್ಣ ಕಂಡರೆ ಅದು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಸ್ಪಂಜು.

ನೀರಿಗಿಳಿದು ನೋಡುವುದು

ಹೋಗುವ ಹಿಂದಿನ ದಿನವೇ ಹೇಳಿ: ನಾನು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ. ಹತ್ತಿದ ಕೂಡಲೇ ಬ್ಲಾಕ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ನೋಡಬಾರದ ಏನನ್ನೋ ಮುಗಿಸಿಟ್ಟಿದ್ದಾರೆ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ಹಿಂದೆ ಹೋಗಿ ನಿಲ್ಲಿ. ಮೊದಲ ನಿಮಿಷದ ತೆಳು ಬಿಳಿ ಹೊಗೆ ಹಳೆಯ ಡೀಸೆಲ್‌ಗೆ ಸಹಜ. ಬೆಚ್ಚಗಾದ ಮೇಲೂ ಬಿಳಿ ಹೊಗೆ ಉಳಿದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ನೀರು ಒಳಗೆ ಬರುತ್ತಿದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಭಾರ ಬಿದ್ದಾಗ ಕಪ್ಪು ಹೊಗೆ ಎಂದರೆ ಎಂಜಿನ್‌ಗೆ ಕೆಲಸ ಜಾಸ್ತಿ, ಗಾಳಿ ಕಡಿಮೆ.

ನೀರಿನಲ್ಲಿ ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಪೂರ್ತಿ ಥ್ರಾಟಲ್. ಎಂಜಿನ್ ಬಿಸಿಯಾದ ಮೇಲೆ ಕೆಲವು ನಿಮಿಷ ಪೂರ್ತಿ ತೆರೆದು, ತಯಾರಕರು ಹೇಳಿದ ಆರ್‌ಪಿಎಂ ಮುಟ್ಟುತ್ತದೆಯೇ ನೋಡಿ. 2,600 ಎಂದು ಬರೆದಿದ್ದು 2,350ಕ್ಕೇ ನಿಂತರೆ ನಾಲ್ಕರಲ್ಲಿ ಒಂದು: ತಳದಲ್ಲಿ ಪಾಚಿ-ಚಿಪ್ಪು ಬೆಳೆದಿದೆ, ಪ್ರೊಪೆಲರ್ ದೊಡ್ಡದು, ಟರ್ಬೊ ಕೆಲಸ ಮಾಡುತ್ತಿಲ್ಲ, ಅಥವಾ ಎಂಜಿನ್ ಸುಸ್ತಾಗಿದೆ. ಮೊದಲನೆಯದು ಅರ್ಧ ದಿನದ ಕೆಲಸ, ಕೊನೆಯದು ದೋಣಿಯ ಅರ್ಧ ಬೆಲೆ. ತಾಪಮಾನದ ಮುಳ್ಳು ಒಂದು ಕಡೆ ನಿಲ್ಲಬೇಕು, ನಿಧಾನಕ್ಕೆ ಏರುತ್ತಲೇ ಇದ್ದರೆ ಹೀಟ್ ಎಕ್ಸ್‌ಚೇಂಜರ್ (ಎಂಜಿನ್ ತಣಿಸುವ ಭಾಗ) ಕಟ್ಟಿಕೊಂಡಿರಬಹುದು. ಟ್ಯಾಂಕ್ ಎಷ್ಟು ತುಂಬಿದೆ ಎಂದು ಮೊದಲೇ ಬರೆದುಕೊಳ್ಳಿ, ಖಾಲಿ ಟ್ಯಾಂಕ್ ದೋಣಿ ಸುಳ್ಳು ವೇಗ ತೋರಿಸುತ್ತದೆ. ಜಿಪಿಎಸ್‌ನಲ್ಲಿ ಹೋಗುವಾಗೊಮ್ಮೆ, ಅದೇ ದಾರಿಯಲ್ಲಿ ಬರುವಾಗೊಮ್ಮೆ ನೋಡಿ ಸರಾಸರಿ ತೆಗೆಯಿರಿ.

ಇನ್ನೊಂದನ್ನು ಹೆಚ್ಚಿನವರು ನೋಡುವುದೇ ಇಲ್ಲ. 8 ದಾಟಿ 11–12 ನಾಟ್‌ಗೆ ಬರುವಾಗ ಈ ದೋಣಿಗಳ ಹಿಂಬದಿ ಕುಸಿದು ಮೂತಿ ಏಳುತ್ತದೆ. ಆಗ ಒಳಗಿನ ಸ್ಟೀರಿಂಗ್‌ನ ಮುಂದೆ ಕೂತು ನೋಡಿ. ಎದುರಿಗೆ ಕಾಣುವುದು ನೀರೋ, ಬರೀ ಮೂತಿಯೋ? ಮಳೆಯ ದಿನ ನೀವು ಓಡಿಸುವುದು ಅಲ್ಲಿಂದಲೇ ಅಲ್ವಾ? ಟ್ರಿಮ್ ಟ್ಯಾಬ್ (ಹಿಂಬದಿಯ ಕೆಳಗಿನ, ಏರಿಳಿಸುವ ಹಲಗೆ) ಇದ್ದರೆ ಮೂತಿ ಇಳಿಯುತ್ತದೆ, ಎಷ್ಟು ಇಳಿಯುತ್ತದೆ ನೋಡಿ. ಅದೇ ಹೊತ್ತಿಗೆ ಪಕ್ಕದವರ ಜೊತೆ ಮಾಮೂಲಿ ದನಿಯಲ್ಲಿ ಮಾತಾಡಿ. ಕಿರುಚಬೇಕಾದರೆ ಆ ವೇಗವನ್ನು ನೀವು ಬಳಸುವುದಿಲ್ಲ.

ಆಮೇಲೆ ಅಲೆಗೆ ಎದುರಾಗಿ, ಅಡ್ಡವಾಗಿ, ಬೆನ್ನು ಹಾಕಿ ಓಡಿಸಿ. ಬೆನ್ನು ಹಾಕಿದಾಗ ಸ್ಟೀರಿಂಗ್ ನಿಮ್ಮ ಕೈಯಲ್ಲೇ ಇರಲಿ, ಮಾರುವವರು ಅಭ್ಯಾಸಬಲದಿಂದ ಸರಿಮಾಡಿಕೊಳ್ಳುತ್ತಾರೆ. ವಾಪಸ್ ಬಂದ ಮೇಲೆ ಮತ್ತೆ ಎಂಜಿನ್ ರೂಮಿಗೆ ಇಳಿಯಿರಿ. ಹೋಗುವಾಗ ಒಣಗಿದ್ದ ತಳದಲ್ಲಿ ಈಗ ಏನಿದೆ? ಶಾಫ್ಟ್ ಹೊರಹೋಗುವ ಜಾಗದಲ್ಲಿ ಹಳೆಯ ಬಗೆಯ ಗ್ಲ್ಯಾಂಡ್ (ನೀರು ತಡೆಯುವ ಸೀಲ್) ಇದ್ದರೆ ತಿರುಗುವಾಗ ಹನಿ ಹನಿ ತೊಟ್ಟಿಕ್ಕುವುದು ಸರಿ, ಧಾರೆ ಆಗಬಾರದು.

ಕಾಗದ, ಸರ್ವೆ, ಚೌಕಾಸಿ

ಯುರೋಪಿನಲ್ಲಿ 1998ರ ಜೂನ್‌ನಿಂದ ಹೊಸ ದೋಣಿಗಳಿಗೆ ಎ, ಬಿ, ಸಿ, ಡಿ ಎಂಬ ವಿನ್ಯಾಸ ದರ್ಜೆ ಕಡ್ಡಾಯವಾಯಿತು. ಬಿ ಎಂದರೆ ಗಾಳಿಯ ಬಲ ಅಳೆಯುವ ಬ್ಯೂಫರ್ಟ್ ಮಾಪಕದಲ್ಲಿ 8ರವರೆಗಿನ ಗಾಳಿ, 4 ಮೀಟರ್‌ವರೆಗಿನ ಅಲೆ. ಸಿ ಎಂದರೆ 6ರವರೆಗಿನ ಗಾಳಿ, 2 ಮೀಟರ್‌ವರೆಗಿನ ಅಲೆ. ಅದಕ್ಕಿಂತ ಹಳೆಯ ಕ್ಲಾಸಿಕ್ ದೋಣಿಗಳಿಗೆ ಈ ದರ್ಜೆಯ ಫಲಕ ಇರುವುದಿಲ್ಲ. ಇಲ್ಲ ಎಂದ ಮಾತ್ರಕ್ಕೆ ದೋಣಿ ಕಡಿಮೆ ಅಲ್ಲ. ಇದೆ ಎಂದು ಯಾರಾದರೂ ಹೇಳಿದರೆ ಮಾತ್ರ ಆಶ್ಚರ್ಯಪಡಿ.

ದೋಣಿ ಪರೀಕ್ಷಿಸುವ ಸರ್ವೇಯರ್ ನಿಮ್ಮ ಕಡೆಯವರಾಗಿರಲಿ, ಮಾರುವವರು ಹೇಳಿದವರು ಬೇಡ. ದೋಣಿಯ ಮೈ ನೋಡುವವರು ಬೇರೆ, ಎಂಜಿನ್ ನೋಡುವವರು ಬೇರೆ. ಒಬ್ಬರೇ ಎರಡನ್ನೂ ಮಾಡುತ್ತೇನೆ ಎಂದರೆ ಎಂಜಿನ್ ಭಾಗ ಸಾಮಾನ್ಯವಾಗಿ "ಸ್ಟಾರ್ಟ್ ಆಯಿತು, ಓಡಿತು" ಎಂಬಲ್ಲಿಗೆ ಮುಗಿಯುತ್ತದೆ. ಮಾರುವವರ ಹಳೆಯ ಸರ್ವೆ ವರದಿ ಇದ್ದರೆ ಅದನ್ನೂ ಕೇಳಿ. ಐದು ವರ್ಷದ ಹಿಂದೆ ಬರೆದ ದೋಷಗಳಲ್ಲಿ ಯಾವುದನ್ನು ಸರಿಮಾಡಿದ್ದಾರೆ, ಯಾವುದು ಹಾಗೇ ಇದೆ ಎಂಬುದು ಯಜಮಾನರ ಬಗ್ಗೆ ಎಲ್ಲವನ್ನೂ ಹೇಳುತ್ತದೆ.

ವರದಿ ಬಂದಾಗ ಪುಟಗಟ್ಟಲೆ ದೋಷ ನೋಡಿ ಗಾಬರಿ ಬೇಡ, ಹಳೆಯ ದೋಣಿಗೆ ಅದು ಮಾಮೂಲಿ. ಮೆದುಗೊಳವೆ, ವೈರಿಂಗ್, ಕಿಟಕಿಯ ರಬ್ಬರ್, ಜಿಂಕ್ ಇವೆಲ್ಲ ಕೊಂಡ ಮೇಲೆ ಮಾಡಿಸುವ ಕೆಲಸ. ಟ್ಯಾಂಕ್, ಕೊಳೆತ ಡೆಕ್, ಆರ್‌ಪಿಎಂ ಮುಟ್ಟದ ಎಂಜಿನ್ ಇವುಗಳ ಅಂದಾಜು ಬೆಲೆ ಬರೆಸಿಕೊಂಡು ಅಷ್ಟನ್ನೂ ಇಳಿಸಲು ಕೇಳಿ. ಮೂರರಲ್ಲಿ ಎರಡು ಒಟ್ಟಿಗೆ ಇದ್ದರೆ ನಾನಾದರೆ ಮುಂದಿನ ದೋಣಿ ನೋಡಲು ಹೋಗುತ್ತೇನೆ, ಎಷ್ಟೇ ಇಳಿಸಿದರೂ ಸರಿ. ಕೊಂಡ ಬೆಲೆ ಅಗ್ಗ ಎಂದು ರಿಪೇರಿ ಅಗ್ಗವಾಗುವುದಿಲ್ಲ. ದೋಣಿ ಎತ್ತುವ ಕ್ರೇನ್, ನಿಲ್ಲಿಸುವ ಬಾಡಿಗೆ, ಇವೆಲ್ಲ ಲೆಕ್ಕ ಹಾಕುವುದು ದೋಣಿಯ ಉದ್ದ ಮತ್ತು ತೂಕ ನೋಡಿ.

ಮುಂಗಡ ಕೊಡುವ ಕಾಗದದಲ್ಲಿ "ಸರ್ವೆ ಮತ್ತು ಸೀ ಟ್ರಯಲ್ ಒಪ್ಪಿಗೆಯಾದರೆ ಮಾತ್ರ" ಎಂಬ ಸಾಲು ಇರಲಿ (ಸೀ ಟ್ರಯಲ್ ಎಂದರೆ ನೀರಿನಲ್ಲಿ ಓಡಿಸಿ ನೋಡುವುದು). ದೋಣಿಯ ಮೇಲೆ ಸಾಲ ಬಾಕಿ ಇಲ್ಲ ಎಂಬುದಕ್ಕೆ ದಾಖಲೆ ಇರಲಿ. ಜೊತೆಗೆ ಬರುವ ಸಾಮಾನಿನ ಪಟ್ಟಿಯನ್ನೂ ಅಂದೇ ಬರೆಸಿ: ಸಣ್ಣ ದೋಣಿ, ಲಂಗರುಗಳು, ಎಂಜಿನ್ ಕೈಪಿಡಿ, ಇಂಪೆಲರ್ ಪೆಟ್ಟಿಗೆ. ಹಳೆಯ ಯಜಮಾನರ ಶೆಡ್‌ನಲ್ಲಿ ಬದಲಿ ಪ್ರೊಪೆಲರ್ ಒಂದು ಬಿದ್ದಿರುವುದು ಅಪರೂಪವೇನಲ್ಲ. ಅದರ ಅಳತೆ ದೋಣಿಯಲ್ಲಿರುವುದಕ್ಕಿಂತ ಬೇರೆ ಇದ್ದರೆ, ಯಾವಾಗ ಮತ್ತು ಯಾಕೆ ಬದಲಿಸಿದಿರಿ ಎಂದು ಕೇಳಿ, ಅದನ್ನೂ ಪಟ್ಟಿಗೆ ಸೇರಿಸಿ.